ಎರಡು ಪಾಲಿನ ಕಂಪ್ಯೂಟರು ಮತ್ತು ನನ್ನ ಕೈಗುಣ

ನನ್ನ ಕೈಗುಣ ಸರಿ ಇಲ್ಲ ಎಂದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಯಾರಾದರೂ ನಿಮಗೆ ಹೇಳಿದ್ದರೆ ಅವರ ಹೆಸರು ಕೊಡಿ, ನಾನೇ ಹೋಗಿ ಮಾತಾಡಿಸಿಕೊಂಡು ಬರುತ್ತೇನೆ. ಅದಕ್ಕೂ ಮೊದಲು ನಡೆದದ್ದನ್ನು ನನ್ನ ಬಾಯಿಂದ ಕೇಳಿ. ಪೇಟೆಯ ಜನ ಹೇಳುವ ಕಥೆಯಲ್ಲಿ ನಾನಿರುತ್ತೇನೆ, ಕಂಪ್ಯೂಟರು ಇರುತ್ತದೆ, ಸಾವ್ಕಾರರ ಸಿಟ್ಟೂ ಇರುತ್ತದೆ. ಗೋಡೆಯ ಮೇಲಿದ್ದ ಕಬ್ಬಿಣದ ಹಿಡಿ ಮಾತ್ರ ಇರುವುದಿಲ್ಲ.

ನಾನು ಕುರುಗೋಡಿನ ಅಂಬಮ್ಮ. ಹಚ್ಚೊಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು. ನಾನು ಹೊಸ್ತಿಲು ದಾಟಿದ ವಾರದಲ್ಲೇ ಅವರ ಪಂಪ್‌ಸೆಟ್ಟಿನ ಮೋಟಾರು ಸುಟ್ಟಿತು. ಆಮೇಲೆ ಹಾಲು ಕೊಡುವ ಎಮ್ಮೆ ಸತ್ತಿತು. ಆಮೇಲೆ ಮಾವನ ಸೊಂಟ ಹಿಡಿಯಿತು. ಎಲ್ಲಕ್ಕೂ ನನ್ನ ಕಾಲ್ಗುಣವೇ ಕಾರಣವಂತೆ. ಗಂಡ ಎರ್ರೆಪ್ಪ ಕೆಟ್ಟವನೇನಲ್ಲ, ಆದರೆ ತಾಯಿ ಬಾಯಿ ಬಿಟ್ಟರೆ ತಟ್ಟೆಯೊಳಗಿನ ಅನ್ನ ಕಲಸುತ್ತ ತಲೆ ತಗ್ಗಿಸಿ ಕೂರುವವನು. ಒಂದು ದಿನ ಅತ್ತೆ ನಾನು ದನದ ಕೊಟ್ಟಿಗೆಗೆ ಕಾಲಿಡಬಾರದು ಎಂದಳು. "ನನ್ನ ಕಾಲಿಗೆ ಅಷ್ಟು ಶಕ್ತಿ ಇದ್ದಿದ್ರ ಮೊದ್ಲು ನಿಮ್ಮ ನಾಲಿಗಿ ಸುಟ್ಟಿರ್ತಿತ್ತು ಅತ್ತೀ" ಎಂದು ಹೇಳಿ, ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಅಳು ಬಂತು, ಅತ್ತುಬಿಟ್ಟೆ. ಅಳುತ್ತಲೇ ಒಂದು ಮಾತು ಗಟ್ಟಿ ಮಾಡಿಕೊಂಡೆ: ಇನ್ನೊಂದು ಸಲ ಮೈಯ ಯಾವ ಭಾಗದ ಗುಣದ ಹೆಸರಿನಲ್ಲೂ ನಾನು ಯಾವ ಬಾಗಿಲನ್ನೂ ಬಿಟ್ಟು ಹೊರಗೆ ಬರುವುದಿಲ್ಲ.

ನನ್ನ ತಾಯಿ ಊರಮ್ಮ ಬೈಯಲಿಲ್ಲ. ಬಳ್ಳಾರಿಯಲ್ಲಿ ಟೈಪಿಂಗು, ಅದರ ಜೊತೆಗೆ ಹೊಸದಾಗಿ ಶುರುವಾಗಿದ್ದ ಕಂಪ್ಯೂಟರು ತರಗತಿ, ಎರಡಕ್ಕೂ ಸೇರಿಸಿದಳು. ಅದು ಮುಗಿಯುವ ಹೊತ್ತಿಗೆ, ಎಂಬತ್ತೆಂಟರಲ್ಲಿ, ಬ್ರೂಸ್‌ಪೇಟೆಯ ಗವಿಸಿದ್ದಪ್ಪನವರ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ದಿನಾ ಕುರುಗೋಡಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಆ ಕೆಲಸ ನನಗೆ ಊಟಕ್ಕಿಂತ ಹೆಚ್ಚಾಗಿತ್ತು ಎಂದರೆ ಉತ್ಪ್ರೇಕ್ಷೆ ಎನ್ನಬೇಡಿ. ಊರಿನಲ್ಲಿ ನಾನು ಗಂಡನನ್ನು ಬಿಟ್ಟು ಬಂದವಳು, ಗಾಜಿನ ಕೋಣೆಯೊಳಗೆ ನಾನು ಕಂಪ್ಯೂಟರು ಅಂಬಮ್ಮ.

ಅಂಗಡಿ ಭತ್ತ, ಅಕ್ಕಿಯ ವ್ಯಾಪಾರದ್ದು. ಅಣ್ಣ ಗವಿಸಿದ್ದಪ್ಪನವರು, ಅಂದರೆ ನಮ್ಮ ಸಾವ್ಕಾರರು, ಬಳ್ಳಾರಿಯ ಅಂಗಡಿ ನೋಡಿಕೊಂಡರೆ, ತಮ್ಮ ಕೊಟ್ಟೂರಪ್ಪ ಸಿರುಗುಪ್ಪದ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದ. ಕೆಳಗೆ ಅಂಗಡಿ, ಮೇಲೆ ಗವಿಸಿದ್ದಪ್ಪನವರ ಮನೆ. ಅಣ್ಣತಮ್ಮಂದಿರು ಕೂಡಿ ಒಂದು ಕಂಪ್ಯೂಟರು ತಂದಿದ್ದರು. ಅದಕ್ಕಾಗಿ ಅಂಗಡಿಯ ಒಂದು ಮೂಲೆಗೆ ಗಾಜು ಹಾಕಿ ಕೋಣೆ ಮಾಡಿದ್ದರು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ದಲ್ಲಾಳಿಗಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು, ಸಾಯಂಕಾಲ ಆ ಮೂಗಿನ ಗುರುತುಗಳನ್ನು ಒರೆಸುವುದೂ ನನ್ನ ಪಾಲಿಗೇ ಬರುತ್ತಿತ್ತು.

ಪೆಟ್ಟಿಗೆ ಒಂದೇ, ಒಳಗೆ ಸಂಸಾರ ಎರಡು. ಮೊದಲು ಅದರಲ್ಲಿ ಡಾಸ್ ಎಂಬ ವ್ಯವಸ್ಥೆ ಮಾತ್ರ ಇತ್ತು. ಅಂಗಡಿಯ ಲೆಕ್ಕವೆಲ್ಲ ಅದರ ಮೇಲೆ ನಡೆಯುತ್ತಿತ್ತು. ಪೂಜೆ ಮಾಡಿಸಿ ಅದನ್ನು ಮೊದಲ ಸಲ ಚಾಲೂ ಮಾಡಿದ್ದು ಸಾವ್ಕಾರರ ಕೈ. ಆಮೇಲೆ ತಮ್ಮನಿಗೆ ಯಾರೋ ಜೆನಿಕ್ಸ್ ಎಂಬ ಇನ್ನೊಂದು ವ್ಯವಸ್ಥೆಯ ಆಸೆ ಹಚ್ಚಿದರು. ಅದನ್ನು ಹಾಕಿಸಿದರೆ ಅದೇ ಪೆಟ್ಟಿಗೆಗೆ ಇನ್ನೊಂದು ಪರದೆ ಜೋಡಿಸಿ ಇಬ್ಬರು ಒಟ್ಟಿಗೆ ಕೂತು ಕೆಲಸ ಮಾಡಬಹುದು, ಗಿರಣಿಯ ಗೋಡೌನುಗಳ ಲೆಕ್ಕ ಬೇಗ ಮುಗಿಯುತ್ತದೆ ಎಂದು. ಅಣ್ಣ ಡಾಸ್ ಬಿಡಲಿಲ್ಲ, ತಮ್ಮ ಜೆನಿಕ್ಸ್ ಬಿಡಲಿಲ್ಲ. ಕೊನೆಗೆ ಹೊಲಕ್ಕೆ ಬದು ಹಾಕಿದಂತೆ ಒಳಗಿನ ಡಿಸ್ಕನ್ನು ಎರಡು ಪಾಲು ಮಾಡಿಸಿದರು. ಬೆಳಿಗ್ಗೆ ಅಣ್ಣನ ಪಾಲು, ಮಧ್ಯಾಹ್ನದಿಂದ ತಮ್ಮನ ಪಾಲು. ತಮ್ಮನ ಪಾಲನ್ನು ಮೊದಲ ಸಲ ಎಬ್ಬಿಸಿದವಳು ನಾನು. ಅವತ್ತು ಅದಕ್ಕೆ ಪೂಜೆ ಗೀಜೆ ಇರಲಿಲ್ಲ.

ಎರಡು ಪಾಲಿನ ಯಂತ್ರ ಸಂಭಾಳಿಸುವುದು ಏನು ಎಂದು ಸಂಭಾಳಿಸಿದವರಿಗೇ ಗೊತ್ತು. ಒಂದು ಎದ್ದಿದ್ದರೆ ಇನ್ನೊಂದು ಮಲಗಿರಬೇಕು. ಒಂದರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಎಲ್ಲ ಬಿಟ್ಟು, ಪೆಟ್ಟಿಗೆ ಆರಿಸಿ, ಮತ್ತೆ ಹೊತ್ತಿಸಿ, ಅದು ಗುರ್ ಗುರ್ ಎನ್ನುವುದನ್ನು ಕೇಳುತ್ತ ಕೂರಬೇಕು. ಬೆಳಿಗ್ಗೆ ಸಾವ್ಕಾರರು ಗಾಜು ತಟ್ಟಿ, "ಅಂಬಮ್ಮ, ಸಿರುಗುಪ್ಪದಾಗ ಸೋನಾ ಅಕ್ಕಿ ಎಷ್ಟು ಚೀಲ ಅದಾವ ನೋಡು" ಎನ್ನುವರು.

"ಅದು ತಮ್ಮಾರ ಪಾಲಿನಾಗ ಐತ್ರಿ. ಮಧ್ಯಾಹ್ನ ಹೇಳ್ತೀನಿ."

"ಪೆಟಗಿ ಇಲ್ಲೇ ಐತೆಲ್ಲ?"

"ಪೆಟಗಿ ಇಲ್ಲೇ ಐತ್ರಿ. ನಡಕ ಬದು ಐತಿ."

ಮಧ್ಯಾಹ್ನ ಸಿರುಗುಪ್ಪದಿಂದ ಕೊಟ್ಟೂರಪ್ಪ ಟ್ರಂಕ್ ಕಾಲ್ ಮಾಡಿ, ಬಳ್ಳಾರಿಯ ಯಾವುದೋ ಗಿರಾಕಿಯ ಬಾಕಿ ಕೇಳುವನು. ಅದು ಅಣ್ಣನ ಪಾಲಿನಲ್ಲಿರುತ್ತಿತ್ತು. ಪ್ರಿಂಟರು ಅಣ್ಣನ ಪಾಲಿನಲ್ಲಿ ನೆಟ್ಟಗೆ ಹೊಡೆದರೆ ತಮ್ಮನ ಪಾಲಿನಲ್ಲಿ ಸಾಲು ಬಿಟ್ಟು ಸಾಲು ಹೊಡೆಯುತ್ತಿತ್ತು. ಅಲ್ಲಿ ಒತ್ತಿದ ಆಜ್ಞೆಯನ್ನು ಮರೆತು ಇಲ್ಲಿ ಒತ್ತಿದರೆ ಯಂತ್ರ ನನಗೇ ಬೈಯುತ್ತಿತ್ತು. ತಲೆ ಕೆಟ್ಟು ಹೋಗುತ್ತಿತ್ತು. ಆದರೂ ಅದೆಲ್ಲ ತಡೆದುಕೊಳ್ಳುವಂಥದ್ದೇ. ತಡೆದುಕೊಳ್ಳಲಾಗದ್ದು ಒಂದೇ ಇತ್ತು. ವಾರಕ್ಕೊಮ್ಮೆಯಾದರೂ ಮಧ್ಯಾಹ್ನ ತಮ್ಮನ ಪಾಲು ಎಬ್ಬಿಸಲು ಹೋದರೆ ಅದು ಸರಿಯಾಗಿ ಏಳುತ್ತಿರಲಿಲ್ಲ. ಪರದೆಯ ತುಂಬ ಇಂಗ್ಲಿಷಿನಲ್ಲಿ ಅದು ಹಾಳಾಗಿದೆ, ಇದು ಹರಿದಿದೆ, ಸ್ವಚ್ಛ ಮಾಡಲೇ ಎಂಬ ಪ್ರಶ್ನೆಗಳು. ಸ್ವಚ್ಛ ಮಾಡು ಎಂದರೆ ಹಿಂದಿನ ದಿನದ ಲೆಕ್ಕವನ್ನೂ ಸೇರಿಸಿ ಗುಡಿಸಿ ಹಾಕುತ್ತಿತ್ತು.

ಅಣ್ಣನ ಪಾಲಿಗೆ ಒಂದು ದಿನವೂ ಏನೂ ಆಗಲಿಲ್ಲ.

"ಅಣ್ಣಂದು ದಿನಾ ಚಲೋ ಏಳ್ತೈತಿ, ನಂದೇ ಯಾಕ ಬೀಳ್ತೈತಿ?" ಎಂದು ಕೊಟ್ಟೂರಪ್ಪ ಫೋನಿನಲ್ಲಿ ಕೂಗುತ್ತಿದ್ದ. ಗಿರಣಿಯ ಮುಂದೆ ಲಾರಿಗಳು ನಿಂತಿರುತ್ತಿದ್ದವು, ಯಾವ ಗೋಡೌನಿನಲ್ಲಿ ಎಷ್ಟು ಚೀಲ ಎಂದು ಹೇಳಲು ನಮ್ಮಲ್ಲಿ ಲೆಕ್ಕವೇ ಇರುತ್ತಿರಲಿಲ್ಲ. ಅಣ್ಣನೇ ಯಾರಿಗೋ ಹೇಳಿ ಬೀಳಿಸುತ್ತಿದ್ದಾನೆ ಎಂಬ ಮಾತು ಅವನ ಬಾಯಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ಯಂತ್ರ ಕೊಟ್ಟ ಕಂಪನಿಯವನೊಬ್ಬ ಬಂದು ನೋಡಿ, "ಜೆನಿಕ್ಸಿಗೆ ಹೇಳಿ ನಿಲ್ಲಿಸಬೇಕು. ಅದು ತನ್ನ ಲೆಕ್ಕವನ್ನೆಲ್ಲ ಜೋಡಿಸಿಕೊಂಡು, ಈಗ ಕರೆಂಟು ತೆಗೆಯಬಹುದು ಎಂದ ಮೇಲೆಯೇ ತೆಗೆಯಬೇಕು. ಡಾಸಿಗೆ ಅದೆಲ್ಲ ಬೇಡ" ಎಂದು ಹೇಳಿ ಚಹಾ ಕುಡಿದು ಹೋದ. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

ಅದು ನನಗೆ ಗೊತ್ತಿಲ್ಲದ್ದೇನಲ್ಲ. ಸಂಜೆ ಕುರುಗೋಡಿನ ಬಸ್ಸಿಗೆ ನಾನು ಬೇಗ ಏಳುತ್ತಿದ್ದೆ. ಸಿರುಗುಪ್ಪದಿಂದ ಬರುವ ಕೊನೆಯ ತೂಕದ ಚೀಟಿಗಳನ್ನು ಗುಮಾಸ್ತ ಕಾಡಸಿದ್ದಪ್ಪ ಎರಡನೆಯ ಪರದೆಯಲ್ಲಿ ಕೂತು ಹಾಕುತ್ತಿದ್ದ. ಕೆಲಸ ಮುಗಿದ ಮೇಲೆ ಏನು ಒತ್ತಬೇಕು, ಎಷ್ಟು ಹೊತ್ತು ಕಾಯಬೇಕು, ಎಲ್ಲ ಅವನಿಗೆ ಹೇಳಿಕೊಟ್ಟಿದ್ದೆ. ಯಂತ್ರ ಬಿದ್ದಾಗಲೆಲ್ಲ ಕೇಳುತ್ತಿದ್ದೆ.

"ನಿನ್ನಿ ಹೇಳಿ ನಿಲ್ಲಿಸಿದ್ಯೇನಪಾ?"

"ಹೂನಕ್ಕಾ, ನಿಲ್ಲಿಸೀನಿ." ಹೀಗೆನ್ನುವಾಗ ಅವನು ತನ್ನ ಟೋಪಿಯನ್ನು ಸರಿ ಮಾಡಿಕೊಳ್ಳುತ್ತಿದ್ದ. ನಾನು ನಂಬುತ್ತಿದ್ದೆ. ವಯಸ್ಸಾದ ಮನುಷ್ಯ, ಸುಳ್ಳು ಹೇಳಿ ಅವನಿಗೇನು ಸಿಗಬೇಕು?

ಒಂದು ದಿನ ಕೊಟ್ಟೂರಪ್ಪನೇ ಸಿರುಗುಪ್ಪದಿಂದ ಬಂದು ಕುಳಿತ. ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯಿತು. ಪಾಲು, ಬೇರೆ ಮನೆ, ಬೇರೆ ವ್ಯಾಪಾರ ಎಂಬ ಶಬ್ದಗಳು ಗಾಜಿನ ಕೋಣೆಗೂ ಕೇಳಿಸಿದವು. ಕಡೆಗೆ ಗವಿಸಿದ್ದಪ್ಪನವರು ಧ್ವನಿ ತಗ್ಗಿಸಿದರು.

"ತಮ್ಮಾ, ನನ್ನ ಪಾಲು ನನ್ನ ಕೈಲೇ ಚಾಲೂ ಆಗಿದ್ದು. ನಿಂದು ಯಾರ ಕೈಲೇ ಚಾಲೂ ಆತು, ಅದನ್ನ ವಿಚಾರ ಮಾಡು. ಹಚ್ಚೊಳ್ಳಿ ಮಂದಿ ಆಕೀನ್ನ ಯಾಕ ಕಳಿಸಿದ್ರು, ಗೊತ್ತೈತೇನು?"

ತಮ್ಮ ನನ್ನ ಕಡೆ ತಿರುಗಿ ನೋಡಿದ. ಅವನ ಮುಖದ ಬಿಗಿ ಸಡಿಲಿತು. ಇಬ್ಬರ ಜಗಳ ನಿಲ್ಲಲು ಮೂರನೆಯವರ ಕೈ ಒಂದು ಬೇಕಿತ್ತು, ನನ್ನದು ಹತ್ತಿರದಲ್ಲಿತ್ತು. ಹಚ್ಚೊಳ್ಳಿಯಿಂದ ಯಾರೂ ನನ್ನನ್ನು ಕಳಿಸಿರಲಿಲ್ಲ, ನಾನೇ ಬಂದಿದ್ದೆ.

"ಹೊರಗ ಬಂದು ಮಾತಾಡ್ಲೇನ್ರಿ?" ಎಂದು ಗಾಜಿನ ಬಾಗಿಲು ತೆರೆದು ಕೇಳಿದೆ.

"ಮಾತೇನಿಲ್ಲ" ಎಂದರು ಗವಿಸಿದ್ದಪ್ಪನವರು. "ನಾಳಿಂದ ತಮ್ಮನ ಪಾಲನ್ನ ನಮ್ಮ ಸೊಸಿ ಪಾರಮ್ಮ ಚಾಲೂ ಮಾಡ್ತಾಳ. ಲಕ್ಷ್ಮಿ ಅಂಥಾ ಹುಡುಗಿ. ಆಮ್ಯಾಲೆ ನೀ ಕೆಲಸ ಮಾಡು. ಅದು ಬೀಳದಂಗ ನಡದ್ರ ಯಾರ ಗುಣ ಏನು ಅಂತ ತಿಳೀತೈತಿ. ತಿಳಿದ ಮ್ಯಾಲೆ ನಿನ್ನ ವಿಚಾರ ಮಾಡೂಣು."

ನನ್ನ ವಿಚಾರ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಕೈಗುಣದ ಹೆಸರು ಹೊತ್ತು ಆ ಅಂಗಡಿಯಿಂದ ಇಳಿದರೆ ಬಳ್ಳಾರಿಯಲ್ಲಿ ಯಾವ ಸಾವ್ಕಾರ ತನ್ನ ಯಂತ್ರ ಮುಟ್ಟಗೊಡುತ್ತಾನೆ?

ಅವತ್ತು ಕುರುಗೋಡಿನ ಬಸ್ಸು ಕೆಟ್ಟು ನಿಂತಿತ್ತು. ಮುಂದಿನ ಬಸ್ಸಿನ ತನಕ ಸ್ಟ್ಯಾಂಡಿನಲ್ಲಿ ನಿಂತು ಏನು ಮಾಡುವುದೆಂದು ಅಂಗಡಿಗೆ ತಿರುಗಿ ಬಂದೆ. ದೀಪ ಹಚ್ಚುವ ಹೊತ್ತಾಗಿತ್ತು. ಅಷ್ಟು ದಿನ ಕೆಲಸ ಮಾಡಿಯೂ ಆ ಹೊತ್ತಿನಲ್ಲಿ ನಾನು ಅಂಗಡಿಯಲ್ಲಿ ಇದ್ದದ್ದು ಅದೇ ಮೊದಲು.

ಗಲ್ಲಾದ ಹಿಂದಿನ ಗೋಡೆಗೆ ಮೇನ್ ಸ್ವಿಚ್ಚಿನ ದೊಡ್ಡ ಕಬ್ಬಿಣದ ಹಿಡಿ ಇತ್ತು, ಸಾವ್ಕಾರರ ಅಪ್ಪನ ಕಾಲದ್ದು. ಅದಕ್ಕೆ ವಿಭೂತಿ ಬಳಿದಿರುತ್ತಿತ್ತು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಅವರ ಮನೆತನದ ಪದ್ಧತಿ ಏನೆಂದರೆ, ಸಂಜೆ ಅಂಗಡಿ ಮುಚ್ಚುವಾಗ ಹಿರಿಯ ಮಗ ತನ್ನ ಕೈಯಾರೆ ಆ ಹಿಡಿ ಎಳೆದು ಕರೆಂಟಿನ ಬೆಳಕನ್ನೆಲ್ಲ ಆರಿಸಬೇಕು. ಕತ್ತಲಾದ ಅಂಗಡಿಯಲ್ಲಿ ಬಸವಣ್ಣನ ಪಟದ ಮುಂದೆ ಎಣ್ಣೆಯ ದೀಪವೊಂದೇ ಉರಿಯಬೇಕು. ಆಮೇಲೆ ಬೀಗ. ಕರೆಂಟು ಹೋದರೂ ಕಂಪ್ಯೂಟರು ನಡೆಯಲೆಂದು ಬ್ಯಾಟರಿ ಪೆಟ್ಟಿಗೆ ತಂದಾಗಲೂ, ಆ ಒಂದು ಮೂಲೆ ಮಿಣುಕುತ್ತ ಇರಬಾರದೆಂದು, ಅದರಿಂದ ಬರುವ ತಂತಿಯನ್ನು ಎಲೆಕ್ಟ್ರಿಷಿಯನ್ನನಿಗೆ ಹೇಳಿ ಅದೇ ಹಿಡಿಯ ಅಡಿಗೆ ತರಿಸಿದ್ದರು. ಈ ತಂತಿಯ ಸಂಗತಿ ನನಗೆ ಅವತ್ತು ಕಣ್ಣಾರೆ ಕಂಡ ಮೇಲೆಯೇ ಗೊತ್ತಾದದ್ದು.

ಗವಿಸಿದ್ದಪ್ಪನವರು ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿ ಬಂದರು. "ಏಳ್ರಿ" ಎಂದರು. ಹಮಾಲರು ಎದ್ದು ನಿಂತರು. ಗಾಜಿನ ಕೋಣೆಯೊಳಗೆ ಕಾಡಸಿದ್ದಪ್ಪನೂ ಧಡಕ್ಕನೆ ಎದ್ದು ಕೈಮುಗಿದ. ಅವನ ಮುಂದಿನ ಪರದೆಯಲ್ಲಿ ಅರ್ಧ ಹಾಕಿದ ಚೀಟಿ ಹಾಗೇ ಇತ್ತು, ತಮ್ಮನ ಪಾಲು ಎಚ್ಚರವಾಗಿಯೇ ಇತ್ತು. "ತಡೀರಿ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹಿಡಿ ಕೆಳಗೆ ಬಂತು. ಅಂಗಡಿ ಕತ್ತಲಾಯಿತು. ಸಾವ್ಕಾರರು ಹಿಡಿ ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡರು.

"ಸಾವ್ಕಾರ್ರೇ, ಯಂತ್ರ ಯಾಕ ಬೀಳ್ತೈತಿ ಅಂತ ಈಗ ತಿಳೀತು" ಎಂದೆ.

"ದೀಪದ ಮುಂದ ಯಾಪಾರದ ಮಾತಿಲ್ಲ. ನಾಳಿ ಹೇಳು."

ಹೊರಗೆ ಬಂದ ಮೇಲೆ ಕಾಡಸಿದ್ದಪ್ಪನನ್ನು ಕೊತ್ವಾಲನಂತೆ ತಡೆದು ನಿಲ್ಲಿಸಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾ ಏನು ಮಾಡ್ಲಿ ಅಂಬಕ್ಕ? ಬೇಗ ಮುಗಿದ ದಿನ ನೀ ಹೇಳಿದಂಗ ನಿಲ್ಲಿಸ್ತೀನಿ. ಚೀಟಿ ತಡಾ ಆದ ದಿನ ಸಾವ್ಕಾರ್ರು ಬಂದು ನಿಂತಿರ್ತಾರ. ಅವರಿಗೆ ತಡೀರಿ ಅನ್ನಾಕ ನನಗೆಲ್ಲಿ ಬಾಯಿ ಐತಿ? ಇವರ ಅಪ್ಪನ ಕಾಲದಿಂದ ಅವರು ಏಳ್ರಿ ಅಂದ್ರ ಎದ್ದಾಂವ ನಾನು."

ಸಿಟ್ಟು ಬಂತು, ಅವನ ಮೇಲೆ ಪೂರ್ತಿ ಸಿಟ್ಟು ಮಾಡಲೂ ಆಗಲಿಲ್ಲ. ಅಂಜಿಕೆ ಎಂಬುದನ್ನು ನಾನು ಹಚ್ಚೊಳ್ಳಿಯಲ್ಲಿ ತಟ್ಟೆಯ ಮುಂದೆ ಕೂತಿದ್ದವನಲ್ಲೂ ಕಂಡಿದ್ದೆ.

ಮರುದಿನ ಬೆಳಿಗ್ಗೆ ಸಾವ್ಕಾರರು ಮಾರ್ಕೆಟ್ ಯಾರ್ಡಿಗೆ ಹೋದವರು ಮಧ್ಯಾಹ್ನವೇ ಬಂದರು. ಬಂದವರು ನನ್ನ ಮಾತಿಗೆ ನಿಲ್ಲದೆ ಮೇಲಿನಿಂದ ಸೊಸೆಯನ್ನು ಕರೆಸಿದರು. "ಮೊದ್ಲು ನನ್ನ ಮಾತು ಕೇಳ್ರಿ, ಅದು ಈಗಾಗ್ಲೇ ಬಿದ್ದೈತಿ" ಎಂದೆ. "ನೀ ಸುಮ್ನಿರು, ಅಪಶಕುನ ನುಡೀಬ್ಯಾಡ" ಎಂದರು. ಸರಿ, ನೋಡಿಯೇ ಬಿಡಲಿ ಎಂದು ನಾನೂ ಕೈಕಟ್ಟಿ ನಿಂತೆ.

ಪಾರಮ್ಮ ಬಂದಳು. ಮದುವೆಯಾಗಿ ಇನ್ನೂ ಹೊಸದು, ಕೈತುಂಬ ಹಸಿರು ಬಳೆ. ಅವಳ ಅತ್ತೆ, ಸಾವ್ಕಾರರ ಹೆಂಡತಿ, ಜೊತೆಯಲ್ಲೇ ಇಳಿದು ಬಂದಿದ್ದರು. ಪೆಟ್ಟಿಗೆಗೆ ಕುಂಕುಮ ಹಚ್ಚಿ, ನಾನು ತೋರಿಸಿದ ಕೆಂಪು ಗುಂಡಿಯನ್ನು ಪಾರಮ್ಮ ಬಲಗೈಯಿಂದ ಮೇಲಕ್ಕೆ ಒತ್ತಿದಳು. ಯಂತ್ರ ಗುರ್ ಎಂದಿತು. ಅವಳು ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಆಮೇಲೆ ಪರದೆಯ ತುಂಬ ಆ ಹಾಳು ಪ್ರಶ್ನೆಗಳು ಸಾಲುಸಾಲಾಗಿ ಬಂದವು.

ಇಂಗ್ಲಿಷು ಬರದವರಿಗೂ ಆ ಸಾಲುಗಳ ಗುರುತು ಅಷ್ಟು ಹೊತ್ತಿಗೆ ಸಿಕ್ಕಿತ್ತು. ನಾನು ಗೆದ್ದೆ ಎಂದುಕೊಳ್ಳಬೇಕಿದ್ದ ಗಳಿಗೆ ಅದು. ಸಾವ್ಕಾರರು ನನ್ನ ಕಡೆ ನೋಡಲೇ ಇಲ್ಲ. ಸೊಸೆಯನ್ನು ನೋಡಿದರು.

"ಬಲಗೈಲೇ ಒತ್ತಿದೇನವಾ?"

"ಹೂನ್ರಿ ಮಾವಾರ."

"ಮೊನ್ನಿ ಹಾಲು ಒಡೀತು" ಎಂದರು ಅತ್ತೆ, ಯಾರಿಗೂ ಹೇಳದವರಂತೆ. "ಇಕೀನ ಕಾಸಿದ್ದು. ದೀವಳಿಗಿಗೆ ಹೆಪ್ಪು ಹಾಕಿದ್ದೂ ಇಕೀನ. ಅದೂ ಹತ್ತಲಿಲ್ಲ."

ಪಾರಮ್ಮನ ನಗು ಎಲ್ಲೋ ಹೋಯಿತು. ಅವಳು ತನ್ನ ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಅದನ್ನು ನೋಡಿ ನನಗೆ ಹಚ್ಚೊಳ್ಳಿಯ ಅಡುಗೆಮನೆ, ಸುಟ್ಟ ಮೋಟಾರು, ಸತ್ತ ಎಮ್ಮೆ ಎಲ್ಲ ಒಮ್ಮೆಲೇ ಕಣ್ಣಮುಂದೆ ಬಂದವು. ನನ್ನ ಹೆಸರು ತೊಳೆದು ಹೋಗುತ್ತಿತ್ತು ನಿಜ. ಆ ಹೊಲಸು ನೀರು ಹೋಗಿ ಈ ಹುಡುಗಿಯ ಮೈಮೇಲೆ ಬೀಳುತ್ತಿತ್ತು. ಬೇಡವೇ ಬೇಡ ಅನ್ನಿಸಿತು.

"ಆಕಿ ಕೈ ಬಿಡ್ರಿ" ಎಂದೆ. "ನನ್ನ ಕೈನೂ ಬಿಡ್ರಿ. ಯಂತ್ರ ಬಿದ್ದಿದ್ದು ಇವತ್ತಲ್ಲ. ನಿನ್ನಿ ಸಂಜೀಕೇ ಬಿದ್ದೈತಿ. ನೀವು ಹಿಡಿ ಎಳದಾಗ."

ಹಮಾಲರು ಚೀಲ ಹೊತ್ತವರು ಹೊತ್ತಂತೆಯೇ ನಿಂತರು. ಗವಿಸಿದ್ದಪ್ಪನವರ ಮುಖ ಕಪ್ಪಿಟ್ಟಿತು.

"ನನ್ನ ಕೈಗುಣ ಸರಿ ಇಲ್ಲ ಅಂತೀಯೇನು?"

"ಹಂಗ ಅನ್ನಬೋದಿತ್ತು. ನಾ ಅನ್ನಾಂಗಿಲ್ರಿ. ಕೈಗೆ ಗುಣ ಇರಂಗಿಲ್ಲ. ನಿಮ್ಮ ಪಾಲಿನ ಯಂತ್ರ ಹೇಳದ ಕೇಳದ ಆರಿಸಿದ್ರೂ ಸುಮ್ನಿರ್ತೈತಿ. ತಮ್ಮಾರದು ಸುಮ್ನಿರಂಗಿಲ್ಲ. ಉಣ್ಣಾಕ ಕುಂತಾಂವನ ಮುಂದಿಂದ ತಟ್ಟಿ ಕಸಗೊಂಡಂಗ ಆಗ್ತೈತಿ ಅದಕ್ಕ. ನಿಲ್ಲಾಕ ಒಂದಿಷ್ಟು ಹೊತ್ತು ಕೊಡಬೇಕು. ಅಷ್ಟೇ ಸಂಗತಿ."

"ನಮ್ಮಪ್ಪ ಹಾಕಿದ ಪದ್ಧತಿಗೆ ನೀ ಹೊತ್ತು ಹೇಳ್ತೀಯಾ? ನಾಳಿಂದ ಕೆಲಸಕ್ಕ ಬರಬ್ಯಾಡ."

ಹಿಂದಿನ ದಿನದ ಚೀಟಿಗಳ ಕಟ್ಟನ್ನು ಎತ್ತಿಕೊಂಡೆ.

"ನಾಳಿ ಮಾತು ನಾಳಿಗಿರಲಿ. ಇವತ್ತಿನ ಕೆಲಸ ಇನ್ನೂ ಮುಗಿದಿಲ್ಲ" ಎಂದು ಗಾಜಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ.

ಇಡೀ ಮಧ್ಯಾಹ್ನ ಆ ಪ್ರಶ್ನೆಗಳಿಗೆ ಉತ್ತರ ಕೊಟ್ಟೆ. ಅಳಿದುಳಿದದ್ದನ್ನು ಸ್ವಚ್ಛ ಮಾಡಿ, ಹೋದ ಲೆಕ್ಕವನ್ನು ನಾನೂ ಕಾಡಸಿದ್ದಪ್ಪನೂ ಚೀಟಿ ನೋಡಿ ನೋಡಿ ಮತ್ತೆ ಹಾಕಿದೆವು. ಕುರುಗೋಡಿನ ಬಸ್ಸಿನ ಹೊತ್ತಾಯಿತು, ನಾನು ಏಳಲಿಲ್ಲ. ಸಂಜೆಯ ಮೊದಲೇ ಯಂತ್ರವನ್ನು ಸದ್ದಿಲ್ಲದೆ ನಿಲ್ಲಿಸಿ ಹೋಗಬಹುದಿತ್ತು. ಆದರೆ ನಾನಿಲ್ಲದ ನಾಳೆ ಮತ್ತೆ ಹಿಡಿ ಬೀಳುತ್ತದೆ, ಮತ್ತೆ ಯಾರದೋ ಕೈ ಸೆರಗಿನೊಳಗೆ ಹೋಗುತ್ತದೆ. ಸಾವ್ಕಾರರು ಒಂದು ಸಲ ನಿಂತು ಕಾಯಬೇಕಿತ್ತು. ಯಂತ್ರವನ್ನು ಬೇಕೆಂದೇ ಎಚ್ಚರವಾಗಿ ಬಿಟ್ಟೆ.

ಗುಡ್ಡದ ಮೇಲಿನ ಬಿಸಿಲು ಇಳಿದು, ಪೇಟೆಯ ಅಂಗಡಿಗಳಲ್ಲಿ ದೀಪ ಹತ್ತತೊಡಗಿದವು. ಗವಿಸಿದ್ದಪ್ಪನವರು ವಿಭೂತಿ ಹಚ್ಚಿಕೊಂಡು ಬಂದರು. "ಏಳ್ರಿ" ಎಂದರು. ನಾನು ಎದ್ದೆ, ಕೋಣೆಯಿಂದ ಹೊರಗೆ ಬಂದೆ, ನೇರವಾಗಿ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಹಿಡಿ ನನ್ನ ಹೆಗಲ ಹಿಂದಿತ್ತು.

"ಸರಿ" ಎಂದರು.

"ತಡೀರಿ. ತಮ್ಮಾರ ಪಾಲು ಇನ್ನೂ ಎದ್ದೈತಿ. ಕಾಡಸಿದ್ದಪ್ಪಣ್ಣ ಅದಕ್ಕ ಹೇಳ್ತಾನ. ಅದು ಹ್ಞೂಂ ಅಂದ ಮ್ಯಾಲೆ ಸರೀತೀನಿ."

"ಹೆಂಗಸು ಅಂತ ಸುಮ್ನದೀನಿ."

"ಗೊತ್ತೈತ್ರಿ. ಅದಕ್ಕೇ ಇಲ್ಲಿ ನಿಂತೀನಿ."

ಅವರು ಗುಮಾಸ್ತನ ಕಡೆ ತಿರುಗಿದರು. "ಏನಲೇ ಕಾಡಸಿದ್ದ, ನೀನೂ ಇಕಿ ಜೋಡಿ ಸೇರ್ಕೊಂಡ್ಯಾ?"

ಕಾಡಸಿದ್ದಪ್ಪ ಎದ್ದು ನಿಂತಿದ್ದವನು ಮತ್ತೆ ಕುರ್ಚಿಯಲ್ಲಿ ಕೂತ. ಸಾವ್ಕಾರರ ಮುಂದೆ ಅವನು ಕೂತದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. "ಆಕಿ ಹೇಳಾದು ಖರೇ ಐತ್ರಿ. ಚೀಟಿ ತಡಾ ಆದ ದಿನ ನಾ ನಿಲ್ಲಿಸದ ಎದ್ದೀನಿ. ಮರುದಿನಾನೇ ಬಿದ್ದೈತಿ. ನಿಮಗ ಅಂಜಿ ಹೇಳ್ಲಿಲ್ಲ" ಎಂದು ಕೀಲಿಗಳನ್ನು ಒಂದೊಂದಾಗಿ ಒತ್ತತೊಡಗಿದ. ಅವನ ಬೆರಳು ನಿಧಾನ. ಯಂತ್ರವೂ ನಿಧಾನ.

ಸಾವ್ಕಾರರು ಒಂದು ಹೆಜ್ಜೆ ಮುಂದೆ ಬಂದರು. ಇನ್ನೇನು ಕೂಗುತ್ತಾರೆ ಎನ್ನುವಾಗ ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಪಾರಮ್ಮ ದೀಪಕ್ಕೆ ಎಣ್ಣೆ ಹಾಕುವ ಗಿಂಡಿ ಹಿಡಿದು ಇಳಿದು ಬಂದಳು. ದಿನಾ ಸಂಜೆ ಎಣ್ಣೆ ತರುವುದು ಅವಳ ಕೆಲಸ. ಅವಳು ಪಟದ ಕಡೆ ಹೋಗಲಿಲ್ಲ. ಬಂದು ನನ್ನ ಪಕ್ಕದಲ್ಲಿ, ಗೋಡೆಗೆ ಹತ್ತಿ ನಿಂತಳು.

"ಮಾವಾರ, ದೀಪಕ್ಕ ಇನ್ನೂ ಎಣ್ಣಿ ಹಾಕಿಲ್ರಿ" ಎಂದಳು, ತಲೆ ತಗ್ಗಿಸಿಯೇ. "ಈಗ ಎಳದ್ರ ಕತ್ತಲಾಗ್ತೈತಿ. ಒಂಚೂರು ತಡೀರಿ."

ದೀಪವಿಲ್ಲದ ಕತ್ತಲೆ ಅವರ ಪದ್ಧತಿಯಲ್ಲಿ ಇರಲಿಲ್ಲ. ಗವಿಸಿದ್ದಪ್ಪನವರು ಸೊಸೆಯ ಕೈಯಲ್ಲಿದ್ದ ಗಿಂಡಿಯನ್ನು ನೋಡಿದರು, ನನ್ನನ್ನು ನೋಡಿದರು, ಗಾ‌ಜಿನ ಕೋಣೆಯನ್ನು ನೋಡಿದರು. ಕೊನೆಗೆ ಗಲ್ಲಾದ ಮೇಲೆ ಕೈಯೂರಿ ನಿಂತರು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹಾಗೇ ಕಾದರು.

"ಬಂತು ನೋಡಕ್ಕ" ಎಂದ ಕಾಡಸಿದ್ದಪ್ಪ. ಇನ್ನು ಕರೆಂಟು ತೆಗೆಯಬಹುದು ಎಂಬ ಸಾಲು ಪರದೆಯ ಮೇಲೆ ನಿಂತಿತ್ತು.

ಪಾರಮ್ಮ ಹೋಗಿ ಎಣ್ಣೆ ಹಾಕಿ ದೀಪ ಹಚ್ಚಿದಳು. ನಾನು ಗೋಡೆ ಬಿಟ್ಟು ಸರಿದೆ. "ಈಗ ಎಳೀರಿ ಸಾವ್ಕಾರ್ರೇ. ನಿಮ್ಮ ಕೈಲೇ ಎಳೀರಿ" ಎಂದೆ. ಅವರು ಎಳೆದರು. ಅಂಗಡಿಯಲ್ಲಿ ದೀಪವೊಂದೇ ಉಳಿಯಿತು.

ಬರಬೇಡ ಎಂದಿದ್ದರಲ್ಲ, ಮರುದಿನ ಹೊತ್ತಿಗೆ ಸರಿಯಾಗಿ ಹೋದೆ. ಚಪ್ಪಲಿ ಬಿಟ್ಟು ಗಾಜಿನ ಕೋಣೆಗೆ ನಡೆದೆ. ಯಾರೂ ತಡೆಯಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ. ಬೆಳಿಗ್ಗೆ ಅಣ್ಣನ ಪಾಲಿನ ಕೆಲಸ ಮುಗಿಸಿದೆ. ಮಧ್ಯಾಹ್ನವಾಗುತ್ತಲೇ ಸಿರುಗುಪ್ಪದಿಂದ ಟ್ರಂಕ್ ಕಾಲ್ ಬಂತು. ಸಾವ್ಕಾರರು ರಿಸೀವರು ಹಿಡಿದೇ ಗಾಜಿನ ಹತ್ತಿರ ಬಂದರು, ತಂತಿ ಅಷ್ಟು ದೂರ ಎಳೆಯುತ್ತಿತ್ತು. ಆ ಕಡೆ ತಮ್ಮ ಕಾಯುತ್ತಿದ್ದ.

"ಪಾರಮ್ಮನ್ನ ಕರೀರಿ" ಎಂದು ಅವರು ಯಾರಿಗೋ ಹೇಳಿದರು.

ಪಾರಮ್ಮ ಅರ್ಧ ಮೆಟ್ಟಿಲು ಇಳಿದು ಬಂದು ನಿಂತಿದ್ದಳು, ಕೈ ಸೆರಗಿನೊಳಗೇ ಇತ್ತು. ಅವಳ ಹಿಂದೆ ಅತ್ತೆ.

"ಬ್ಯಾಡ್ರಿ, ಆಕೀಗೆ ಯಾಕ ತ್ರಾಸ" ಎಂದೆ. ಎಲ್ಲರಿಗೂ ಕಾಣಲಿ ಎಂದು ಸ್ವಲ್ಪ ಪಕ್ಕಕ್ಕೆ ತಿರುಗಿ, ಎಡಗೈ ಎತ್ತಿದೆ. ಎಡಗೈಯ ಹೆಬ್ಬೆರಳಿನಿಂದ ಕೆಂಪು ಗುಂಡಿಯನ್ನು ಮೇಲಕ್ಕೆ ಒತ್ತಿದೆ.

ಅತ್ತೆಯವರು "ಶಿವಶಿವಾ" ಎಂದದ್ದು ಗಾಜು ದಾಟಿ ಕೇಳಿಸಿತು. ಯಂತ್ರ ಗುರ್ ಎಂದಿತು, ಎಂದಿನಂತೆ ತನ್ನ ಹೊತ್ತು ತೆಗೆದುಕೊಂಡಿತು. ಒಂದು ಪ್ರಶ್ನೆಯೂ ಬರಲಿಲ್ಲ. ತಮ್ಮನ ಪಾಲು ಮೊದಲ ಸಲ ಹಾಕಿಸಿದ ದಿನದಂತೆ ಎದ್ದು ಕುಳಿತಿತು. ಸೋನಾ ಎಷ್ಟು, ಯಾವ ಗೋಡೌನಿನಲ್ಲಿ, ಎಲ್ಲ ಪರದೆಯ ಮೇಲೆ ನೆಟ್ಟಗೆ ನಿಂತಿತ್ತು. ನಾನು ಜೋರಾಗಿ ಓದಿ ಹೇಳಿದೆ. ಸಾವ್ಕಾರರು ಅದನ್ನು ಫೋನಿನಲ್ಲಿ ತಮ್ಮನಿಗೆ ಹೇಳಿದರು.

ಫೋನಿಟ್ಟು ಗಾಜಿನ ಬಾಗಿಲಿಗೆ ಬಂದರು.

"ಎಡಗೈಲೇ ಒತ್ತಿದೆಲ್ಲ" ಎಂದರು.

"ಹೂನ್ರಿ. ಬಲಗೈಯಾಗ ಚೀಟಿ ಇದ್ದವು."

ಅವರು ಗಲ್ಲಾಕ್ಕೆ ಹೋಗಿ ಕೂತರು. ಕೆಲಸಕ್ಕೆ ಬರಬೇಡ ಎಂಬ ಮಾತು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಅದೇ ಸಂಜೆ ಹಿಡಿಗೆ ಕೈ ಹಾಕುವ ಮೊದಲು ಗಾಜಿನ ಕೋಣೆಯ ಕಡೆ ತಿರುಗಿ "ಆತೇನಲೇ?" ಎಂದು ಕೇಳಿದರಂತೆ, ಕಾಡಸಿದ್ದಪ್ಪ ಹೇಳಿದ. ನನ್ನ ಹತ್ತಿರ ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ನಾನೂ ಅದಕ್ಕಾಗಿ ಕಾಯಲಿಲ್ಲ.

ಯಂತ್ರ ಎದ್ದ ಆ ಮಧ್ಯಾಹ್ನ ಎಲ್ಲರೂ ಪರದೆ ನೋಡುತ್ತಿದ್ದಾಗ ನಾನು ಮೆಟ್ಟಿಲ ಕಡೆ ನೋಡುತ್ತಿದ್ದೆ. ಅತ್ತೆ ಪಕ್ಕದಲ್ಲಿರುವಾಗಲೇ ಪಾರಮ್ಮ ಸೆರಗಿನೊಳಗಿಂದ ಕೈ ಹೊರಗೆ ತೆಗೆದು ಮೆಟ್ಟಿಲ ಕಟಕಟೆಯ ಮೇಲೆ ಇಟ್ಟಳು. ಆಮೇಲೆ ಹಾಲು ಕಾಸಲು ಮೇಲೆ ಹೋದಳು.